ಕೋರ್ಟಿಗೆ ರಜೆ, ನಮಗೆ ತಿರುಗಾಟ

1996ರ ಡಿಸೆಂಬರಿನಲ್ಲಿ ನನ್ನ ತಂಗಿ, ಭಾವ ಮತ್ತು ಅವರ ಏಳು ವರ್ಷದ ಮಗ ಅಮೆರಿಕದಿಂದ ಬಂದು ಮೂಡಿಗೆರೆ ಪಕ್ಕದ ನಮ್ಮ ತೋಟದಲ್ಲಿ ವಾರಗಟ್ಟಲೆ ಉಳಿದರು. ಊರಿನ ಮೇಲಿನ ಪ್ರೀತಿಗೆ ಉಳಿದರು ಅಂತ ಈಗ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆಗಿನ ಕಾರಣ ಬೇರೆ. ಬೆಂಗಳೂರಿನ ಕೋರ್ಟಿಗೆ ಕ್ರಿಸ್‌ಮಸ್ ರಜೆ ಬಿದ್ದಿತ್ತು, ಹೋಟೆಲಿನ ಬಿಲ್ಲು ಏರುತ್ತಿತ್ತು, ದತ್ತು ಪಡೆಯಬೇಕಾಗಿದ್ದ ಹೆಣ್ಣುಮಗು ಇನ್ನೂ ಸಂಸ್ಥೆಯ ತೊಟ್ಟಿಲಲ್ಲೇ ಇತ್ತು.

ಆ ತಿರುಗಾಟದ ಆಲ್ಬಮ್ಮಿನ ಮೊದಲ ಪುಟದಲ್ಲಿ ‘ಮಗಳಿಗೆ ತಾಯ್ನಾಡು ತೋರಿಸಿದ್ದು’ ಎಂಬರ್ಥದ ಒಂದು ಸಾಲನ್ನು ಭಾವ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ. ಅರ್ಧ ಫೋಟೊಗಳಲ್ಲಿ ಮಗಳೇ ಇಲ್ಲ. ಉಳಿದರ್ಧದಲ್ಲಿ ನಿದ್ದೆ ಮಾಡುತ್ತಿದ್ದಾಳೆ. ಜೀಪು ಓಡಿಸಿದವನು ನಾನಾದ್ದರಿಂದ ಫೋಟೊಗಳಲ್ಲಿ ನಾನೂ ಇಲ್ಲ. ಆದರೆ ಯಾವ ದಿನ ಯಾಕೆ ಎಲ್ಲಿಗೆ ಹೋದೆವು ಅನ್ನುವುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

“ಮಗು ಒಪ್ಪಿಗೆ ಆಯ್ತಲ್ಲ, ಎತ್ಕೊಂಡು ಬರೋದು ತಾನೆ?” ಎಂದು ಅವ್ವ ದಿನಾ ಕೇಳುತ್ತಿದ್ದಳು. ಅವಳು ಕಂಡ ದತ್ತು ಅಂದರೆ ಅಣ್ಣನ ಮಗನನ್ನು ತಮ್ಮ ತೆಗೆದುಕೊಳ್ಳುವುದು, ನೆಂಟರಿಗೆ ಊಟ ಹಾಕುವುದು, ಅಲ್ಲಿಗೆ ಮುಗಿಯಿತು. 1956ರ ಹಿಂದೂ ದತ್ತಕ ಕಾಯಿದೆ ಇಲ್ಲಿದ್ದವರಿಗೆ ಸಾಕಾಗುತ್ತಿತ್ತು. ತಂಗಿ, ಭಾವ ಅಷ್ಟರಲ್ಲಾಗಲೇ ಅಮೆರಿಕದ ಪ್ರಜೆಗಳು. ಹೊರದೇಶದವರಿಗೆ ಮಗುವನ್ನು ದತ್ತು ಕೊಡುವುದಕ್ಕೆಂದೇ ಒಂದು ಕಾನೂನು ಆಗ ನಮ್ಮಲ್ಲಿ ಇರಲಿಲ್ಲ. ಬ್ರಿಟಿಷರು 1890ರಲ್ಲಿ ಮಾಡಿದ್ದ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯ ಕೆಳಗೆ ಜಿಲ್ಲಾ ಮಟ್ಟದ ಕೋರ್ಟು ಅವರನ್ನು ಮಗುವಿನ ಪೋಷಕರು ಎಂದು ನೇಮಿಸಬೇಕು. ಪೋಷಕರಾಗಿ ಮಗುವನ್ನು ಕರೆದುಕೊಂಡು ಹೋಗಿ, ಅಲ್ಲಿನ ಕಾನೂನಿನ ಪ್ರಕಾರ ದತ್ತು ಮಾಡಿಕೊಳ್ಳಬೇಕು. ಅಂದರೆ ಇಲ್ಲಿಂದ ಹೊರಡುವಾಗ ತಂಗಿ ಕಾಗದದ ಮೇಲೆ ತಾಯಿ ಅಲ್ಲ. ಇದನ್ನು ಅವ್ವನಿಗೆ ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಕಾಗದಪತ್ರ ಅಷ್ಟು ಬಿಗಿಯಾಗಿದ್ದುದಕ್ಕೂ ಕಾರಣವಿತ್ತು. ದತ್ತು ಎಂಬ ಹೆಸರಿನಲ್ಲಿ ಭಾರತದ ಮಕ್ಕಳನ್ನು ಹೊರದೇಶಕ್ಕೆ ಸಾಗಿಸುತ್ತಿದ್ದಾರೆ ಎಂಬ ಪತ್ರಿಕಾ ವರದಿಗಳನ್ನು ಹಿಡಿದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಕೋರ್ಟು ಅದನ್ನೇ ಅರ್ಜಿ ಎಂದು ತೆಗೆದುಕೊಂಡಿತು. 1984ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ಒಂದು ಸಣ್ಣ ಕಾನೂನು ಪುಸ್ತಕದಂತೆಯೇ ಇತ್ತು: ಮೊದಲು ದೇಶದೊಳಗಿನ ಕುಟುಂಬ ಹುಡುಕಬೇಕು, ಅರ್ಜಿ ಹಾಕುವವರನ್ನು ಅವರ ದೇಶದ ಮಾನ್ಯ ಸಂಸ್ಥೆಯೊಂದು ಪರೀಕ್ಷಿಸಿ ಶಿಫಾರಸು ಮಾಡಬೇಕು, ಇಲ್ಲಿ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯ ಮೂಲಕವೇ ಎಲ್ಲ ನಡೆಯಬೇಕು, ಕೋರ್ಟು ಇನ್ನೊಂದು ತಟಸ್ಥ ಸಂಸ್ಥೆಯಿಂದ ಕಾಗದಗಳನ್ನು ಜಾಲಾಡಿಸಬೇಕು. 1990ರಲ್ಲಿ ದೆಹಲಿಯಲ್ಲಿ ಕಾರಾ ಎಂಬ ಕೇಂದ್ರ ಸಂಸ್ಥೆ ಬಂತು. ಅದರ ನಿರಾಕ್ಷೇಪಣಾ ಪತ್ರವಿಲ್ಲದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಪಾಳಿಯಲ್ಲಿ ಮೊದಲು ದೇಶದಲ್ಲಿರುವ ಭಾರತೀಯರು, ಆಮೇಲೆ ಹೊರಗಿರುವ ಭಾರತೀಯರು, ಕೊನೆಗೆ ಪೂರಾ ವಿದೇಶಿಯರು. ಭಾರತ ಮೂಲದವರು ಎಂಬ ಲೆಕ್ಕದಲ್ಲಿ ತಂಗಿ-ಭಾವನಿಗೆ ನಡುವೆಲ್ಲೋ ಒಂದು ಜಾಗ ಸಿಕ್ಕಿತು.

ಪೂರಾ ವಿದೇಶಿಯರಲ್ಲಿ ಎಷ್ಟೋ ಜನ ಆಗ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಕೋರ್ಟಿನಲ್ಲಿ ಅವರ ಪರವಾಗಿ ವಕೀಲರೋ ಸಂಸ್ಥೆಯವರೋ ನಿಲ್ಲುತ್ತಿದ್ದರು, ಮಗುವನ್ನು ಬೇರೆ ಯಾರೋ ವಿಮಾನದಲ್ಲಿ ಕರೆದುಕೊಂಡು ಹೋಗಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಪ್ಪಿಸುತ್ತಿದ್ದರು. ತಂಗಿ ಅದಕ್ಕೆ ಒಪ್ಪಲಿಲ್ಲ. ತಾನೇ ಬಂದಳು, ಮಗನನ್ನೂ ಶಾಲೆ ಬಿಡಿಸಿ ಕರೆತಂದಳು. ಹುಟ್ಟಿದ ಮನೆಗೆ ವೀಸಾ ಹಾಕಿಸಿಕೊಂಡು ಬಂದವಳು ನಮ್ಮ ವಂಶದಲ್ಲಿ ಅವಳೇ ಮೊದಲು. ಪಿಐಒ ಕಾರ್ಡು ಬಂದದ್ದು 1999ರಲ್ಲಿ, ಓಸಿಐ ಅದಕ್ಕೂ ಆಮೇಲೆ.

ರಜೆಗೆ ಮುಂಚೆಯೇ ಆದೇಶ ಆಗುತ್ತದೆ ಎಂದು ವಕೀಲರು ಹೇಳಿದ್ದರು. ಯಾವುದೋ ಒಂದು ಕಚೇರಿಯ ಕಾಗದದಲ್ಲಿ ಮಗುವಿನ ಹೆಸರಿನ ಕಾಗುಣಿತ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇತ್ತಂತೆ. ಅದು ತಿದ್ದಿಸಿಕೊಂಡು ಬರುವಷ್ಟರಲ್ಲಿ ಕೋರ್ಟಿನ ಬಾಗಿಲು ಹಾಕಿತು.

ನಮ್ಮಲ್ಲಿ ಅದು ಅರೇಬಿಕಾ ಕುಯ್ಲಿನ ಕಾಲ. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಪಲ್ಪರ್, ಸಂಜೆ ಕಣದಲ್ಲಿ ಪಾರ್ಚ್‌ಮೆಂಟ್ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುವುದು. ಕೈಗೆ ಪುರುಸೊತ್ತಿಲ್ಲದ ಹೊತ್ತಿನಲ್ಲಿ ನೆಂಟರು. ಅಪ್ಪ ನನ್ನನ್ನು ಕರೆದು, “ಜೀಪ್ ತಗೊಂಡು ಎಲ್ಲಿಗಾದ್ರೂ ಸುತ್ತಾಡಿಸ್ಕೊಂಡು ಬಾ. ಮನೇಲಿ ಕೂತರೆ ಆ ಹುಡುಗಿ ಅಳ್ತಾಳೆ, ಇವನು ಅಂಗಳ ಅಳೀತಾನೆ” ಎಂದರು. ಪ್ರವಾಸ ಶುರುವಾದದ್ದು ಹೀಗೆ.

ಎಲ್ಲಿಗಾದರೂ ಅಂದರೆ ಎಲ್ಲಿಗೂ ಅಲ್ಲ. ನಮ್ಮ ಮನೆಗೆ ಫೋನಿರಲಿಲ್ಲ. ಮೈಲಿ ದೂರದ ದೊಡ್ಡ ತೋಟದ ಬಂಗಲೆಯದನ್ನು ಪಿಪಿ ನಂಬರ್ ಅಂತ ವಕೀಲರಿಗೆ ಕೊಟ್ಟಿದ್ದೆವು. ಅಲ್ಲಿಗೆ ಫೋನ್ ಬಂದರೆ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬ ಆಳನ್ನು ಓಡಿಸುತ್ತಿದ್ದ. ನಾವು ಮೂಡಿಗೆರೆಯ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿಗೆ ವಾಪಸು ಫೋನ್ ಮಾಡಬೇಕು. ಕೋರ್ಟಿಗೆ ರಜೆ ಇದ್ದರೂ ಕಾಗದ ತಿದ್ದುವ ಕಚೇರಿಗೆ ರಜೆ ಇರಲಿಲ್ಲ, ಯಾವಾಗ ಸಹಿ ಬೇಕೆಂದು ಕರೆಯುತ್ತಾರೋ ಗೊತ್ತಿಲ್ಲ. ಹಾಗಾಗಿ ಕತ್ತಲಾಗುವುದರೊಳಗೆ ಮನೆ ಸೇರುವಷ್ಟು ದೂರ ಮಾತ್ರ. ಯಾವ ಊರಿಗೆ ಹೋದರೂ ಭಾವ ಮೊದಲು ಹುಡುಕುತ್ತಿದ್ದದ್ದು ಹಳದಿ ಬೋರ್ಡಿನ ಎಸ್‌ಟಿಡಿ ಅಂಗಡಿ. ಬೇಲೂರಿನಲ್ಲಿ ನಾವು ದೇವಸ್ಥಾನದ ಒಳಗಿದ್ದರೆ ಅವರು ಎದುರಿನ ಬೂತಿನಲ್ಲಿ ಕೂತು, ಕೆಂಪು ಅಕ್ಷರದಲ್ಲಿ ಏರುವ ರೂಪಾಯಿ ನೋಡುತ್ತ ಸಂಸ್ಥೆಯವರ ಹತ್ತಿರ ಮಗುವಿನ ಕೆಮ್ಮಿನ ಬಗ್ಗೆ ಕೇಳುತ್ತಿದ್ದರು. ಮದನಿಕೆಯರನ್ನು ಅವರು ನೋಡಿದ್ದು ಆಲ್ಬಮ್ಮಿನಲ್ಲೇ.

ಅಂಗಡಿ ಎಂಬ ಊರಿಗೆ ಹೋದೆವು. ಹೊಯ್ಸಳರ ಸೊಸೆವೂರು ಇದೇ, ಸಳ ಹುಲಿ ಹೊಡೆದ ಕಥೆ ನಡೆದದ್ದು ಇಲ್ಲೇ ಎಂದು ನಾನು ಹುಡುಗನಿಗೆ ಹೇಳಿದೆ. ವಸಂತಮ್ಮನ ಗುಡಿ, ಪಾಳುಬಿದ್ದ ಬಸದಿಗಳು, ಸುತ್ತ ಕಾಫಿ. “ಹುಲಿ ಈಗ ಎಲ್ಲಿದೆ ಮಾವ?” ಎಂದ. ಇಲ್ಲ ಎಂದೆ. ಜೀಪಿಗೆ ವಾಪಸು ಹೋಗಿ ಕೂತುಬಿಟ್ಟ. ಆ ಹುಡುಗನನ್ನು ನಾನು ದೂರುವುದಿಲ್ಲ. ಅವನಿಗೆ ತಂಗಿ ಬರುತ್ತಾಳೆಂದು ಕರೆತಂದಿದ್ದರು, ಕಲ್ಲು ತೋರಿಸುತ್ತಿದ್ದರು. ಬೆಂಗಳೂರಿನಲ್ಲಿ ಅವಳನ್ನು ಎರಡು ಸಲ ಎತ್ತಿಕೊಂಡಿದ್ದ, ಆಮೇಲೆ ಬಿಟ್ಟು ಬಂದಿದ್ದ. ಅವನಿಗೆ ಇಡೀ ಜಿಲ್ಲೆಯಲ್ಲಿ ಹಿಡಿಸಿದ್ದು ನಮ್ಮ ಪಲ್ಪರ್ ಒಂದೇ. ಒಂದು ಕಡೆಯಿಂದ ಕೆಂಪು ಹಣ್ಣು ಸುರಿದರೆ ಇನ್ನೊಂದು ಕಡೆಯಿಂದ ಸಿಪ್ಪೆ ಬೇರೆ, ಲೋಳೆ ಹತ್ತಿದ ಬೀಜ ಬೇರೆ ಆಗಿ ಬೀಳುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದ. ಕುಯ್ಲಿನ ಹೆಂಗಸರು ಸಂಜೆ ಚೀಲ ತಂದಾಗ ತೂಕದ ಹತ್ತಿರ ನಿಂತು ಅಂಕಿಯನ್ನು ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ನಮ್ಮ ರೈಟರಿಗೆ ಅದು ಭಾರೀ ಕಿರಿಕಿರಿ.

ಬಾಬಾಬುಡನಗಿರಿಗೆ ಹೋದ ದಿನ ಚಳಿಗೆ ಜೀಪಿನ ಪರದೆ ಕಟ್ಟಿಕೊಂಡೆವು. ಮೋಕಾದಿಂದ ಏಳು ಬೀಜ ತಂದು ನೆಟ್ಟ ಬಾಬಾ ಬುಡನ್ ಕಥೆ ಈ ಜಿಲ್ಲೆಯ ಪ್ರತಿ ಮನೆಯಲ್ಲೂ ನೆಂಟರಿಗೆ ಹೇಳುವ ಕಥೆ, ನಾನೂ ಹೇಳಿದೆ. ಭಾವ ನಕ್ಕು, “ಏಳು ಬೀಜಕ್ಕೆ ಯಾರ ಎನ್‌ಒಸಿನೂ ಬೇಕಾಗಿರಲಿಲ್ಲ ನೋಡಿ” ಎಂದರು. ಆ ಮೂರು ವಾರಗಳಲ್ಲಿ ಅವರು ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ. ಮುಳ್ಳಯ್ಯನಗಿರಿಯ ತುದಿಯಲ್ಲಿ ನಮ್ಮನ್ನು ಬಿಟ್ಟರೆ ಇದ್ದವರು ಕಾಲೇಜು ಹುಡುಗರ ಒಂದು ಗುಂಪು, ಗದ್ದುಗೆಯ ಪೂಜೆಯವರು, ಅಷ್ಟೆ. ಕರ್ನಾಟಕದಲ್ಲೇ ಎತ್ತರದ ಬೆಟ್ಟ ಅಂದೆ. ತಂಗಿ ಪಶ್ಚಿಮಕ್ಕೆ ನೋಡಬೇಕಾದವಳು ಪೂರ್ವಕ್ಕೆ, ಕಡೂರು ಬಯಲಿನ ಕಡೆ ನೋಡುತ್ತ ಕೂತಿದ್ದಳು. ಬೆಂಗಳೂರು ಆ ದಿಕ್ಕು.

ಕಾಯುವುದರ ಬಗ್ಗೆ ಭಾವ ಒಂದು ರಾತ್ರಿ ಊಟದಲ್ಲಿ ಗೊಣಗಿದಾಗ ಅಪ್ಪ ಹೇಳಿದ ಮಾತು ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ನಮ್ಮ ಕಾಫಿ ಎಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗುತ್ತಿದ್ದ ಕಾಲ ಆಗಷ್ಟೇ ಮುಗಿದಿತ್ತು. ಕಾಫಿ ಕೊಟ್ಟು, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು ಬರುವುದನ್ನು ವರ್ಷಗಟ್ಟಲೆ ಕಾಯಬೇಕಿತ್ತು. 1990ರ ದಶಕದ ಮೊದಲರ್ಧದಲ್ಲಿ ಹಂತ ಹಂತವಾಗಿ ಸಡಿಲಿಸಿ, 1996ಕ್ಕೆ ಬೆಳೆಗಾರ ತನ್ನ ಪೂರ್ತಿ ಕಾಫಿಯನ್ನು ಬೇಕಾದವರಿಗೆ ಮಾರಬಹುದು ಎಂದಾಯಿತು. “ನಾವು ಮಾಲು ಕೊಟ್ಟು ದುಡ್ಡಿಗೆ ಐವತ್ತು ವರ್ಷ ಕಾದಿದ್ದೀವಿ, ನೀವು ಒಂದು ತಿಂಗಳು ಕಾಯಕ್ಕಾಗಲ್ವೇನ್ರೀ” ಎಂದರು ಅಪ್ಪ. ಭಾವ ತಟ್ಟೆ ಬಿಟ್ಟು ಎದ್ದರು. ಮಗುವನ್ನು ಕಾಫಿಗೆ ಹೋಲಿಸಿದರು ಎಂದು ತಂಗಿ ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪನಿಗೆ ತಾನೇನು ತಪ್ಪು ಮಾತಾಡಿದೆ ಎಂದು ಕೊನೆವರೆಗೂ ಹೊಳೆಯಲಿಲ್ಲ.

ಜನ ಏನಂದರು ಎಂಬುದನ್ನೂ ಬರೆಯಬೇಕು, ಆಲ್ಬಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ. “ಒಂದು ಗಂಡು ಇದೆಯಲ್ಲ, ಇನ್ನೇನಕ್ಕೆ?” ಎಂದವರು ಕೆಲವರು. ಯಾವ ಜಾತಿಯದ್ದೋ ಏನೋ ಎಂದು ನನ್ನನ್ನು ಬದಿಗೆ ಕರೆದು ಕೇಳಿದವರು ಹೆಚ್ಚು. ನೆಂಟರಲ್ಲೇ ಒಬ್ಬರು, ನಮ್ಮ ಕಡೆಯೇ ಒಂದು ಬಡವರ ಮಗು ನೋಡಿಕೊಡುತ್ತಿದ್ದೆ, ಕೋರ್ಟು ಕಚೇರಿ ಏನೂ ಇರುತ್ತಿರಲಿಲ್ಲ ಎಂದರು. 1984ರ ತೀರ್ಪು ಯಾರನ್ನು ತಡೆಯಲು ಬಂದಿತ್ತೋ ಅಂಥವರು ನಮ್ಮ ಜಗಲಿಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಕೂಲಿ ಲೈನಿನ ಹೆಂಗಸರು ಮಾತ್ರ ಕೇಳಿದ್ದು ಒಂದೇ: ಮಗು ಹಾಲು ಚೆನ್ನಾಗಿ ಕುಡಿಯುತ್ತಾ?

ಜನವರಿಯಲ್ಲಿ ಆದೇಶವಾಯಿತು. ಮಗು ಕೈಗೆ ಬಂತು, ಒಂಬತ್ತು ತಿಂಗಳಿನದು. ಇನ್ನು ಪಾಸ್‌ಪೋರ್ಟು, ಆಮೇಲೆ ವೀಸಾ. ಮತ್ತೆ ಕಾಯುವುದು, ಮತ್ತೆ ನಮ್ಮ ತೋಟ. ಈ ಸಲ ಮನೆಯ ಗಲಾಟೆಯೇ ಬೇರೆ. ಬಟ್ಟೆ ಒಣಗಿಸುವ ಹಗ್ಗ ಸಾಲದೆ ಕಣದ ತಂತಿಯ ಮೇಲೆಲ್ಲ ತುಂಡುಬಟ್ಟೆ. ಸಂಸ್ಥೆಯಲ್ಲಿ ಸಾಲು ತೊಟ್ಟಿಲುಗಳ ನಡುವೆ ಮಲಗಿ ಅಭ್ಯಾಸವಾದ ಮಗು ನಮ್ಮ ತೋಟದ ಮನೆಯ ಮೌನದಲ್ಲಿ ಮಲಗಲು ಒಪ್ಪುತ್ತಿರಲಿಲ್ಲ. ಜೀಪು ಶುರು ಮಾಡಿದರೆ ಮಲಗುತ್ತಿತ್ತು. ಎರಡನೇ ಸುತ್ತಿನ ಊರು ನೋಡುವ ಕಾರ್ಯಕ್ರಮ ಬಹುಪಾಲು ನಡೆದದ್ದು ಈ ಕಾರಣಕ್ಕೆ. ಊಟವಾದ ಮೇಲೆ ಮಗು ಮಲಗಿಸಲು ಬಣಕಲ್‌ವರೆಗೆ, ಮಲಗದಿದ್ದರೆ ಕೊಟ್ಟಿಗೆಹಾರದವರೆಗೆ, ಅಲ್ಲಿ ನೀರುದೋಸೆ. ಅಲ್ಲಿಗೂ ಮಲಗದಿದ್ದರೆ ಚಾರ್ಮಾಡಿಯ ಮೊದಲ ತಿರುವುಗಳಲ್ಲಿ ಖಂಡಿತ ಮಲಗುತ್ತಿತ್ತು. ಆಲ್ಬಮ್ಮಿನ ಚಾರ್ಮಾಡಿ ಫೋಟೊ ಬಹಳ ಚೆನ್ನಾಗಿದೆ, ಕಣಿವೆ ತುಂಬ ಮಂಜು.

ಹೊರನಾಡಿನಲ್ಲಿ ಮಗುವಿಗೆ ಅನ್ನಪ್ರಾಶನ ಆಗಲೇಬೇಕೆಂದು ಅವ್ವ ಹಟ ಹಿಡಿದಳು. ಕೊಟ್ಟಿಗೆಹಾರದಿಂದ ಬಾಳೂರು, ಹಿರೇಬೈಲು, ಕಳಸ. ದಾರಿಯೆಂದರೆ ಗುಂಡಿಗಳ ನಡುವೆ ಅಲ್ಲಲ್ಲಿ ಉಳಿದ ಟಾರು. ಕಳಸದಲ್ಲಿ ಕಲಶೇಶ್ವರನ ಮೆಟ್ಟಿಲು ಹತ್ತಿ ಇಳಿದು, ಭದ್ರೆಯ ಮೇಲಿನ ಹೆಬ್ಬಾಳೆ ಸೇತುವೆ ದಾಟಿದೆವು. ಮಳೆಗಾಲದಲ್ಲಾಗಿದ್ದರೆ ಅದು ನೀರಿನ ಕೆಳಗಿರುತ್ತಿತ್ತು. ಜನವರಿಯಾದ್ದರಿಂದ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು.

ಹೊರನಾಡಿನಲ್ಲಿ ಚೀಟಿ ಬರೆಯುವ ಹುಡುಗ ಹೆಸರು ಕೇಳಿದ, ಹೇಳಿದೆವು. ನಕ್ಷತ್ರ ಕೇಳಿದ. ತಂಗಿ ಭಾವನ ಮುಖ ನೋಡಿದಳು, ಭಾವ ನನ್ನ ಮುಖ ನೋಡಿದರು. ಸಂಸ್ಥೆಯ ಕಾಗದದಲ್ಲಿ ಹುಟ್ಟಿದ ದಿನ ಅಂದಾಜಿನದು. ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಇವತ್ತು ಯಾವ ನಕ್ಷತ್ರ?”

ಹುಡುಗ ಕ್ಯಾಲೆಂಡರ್ ನೋಡಿ ಹೇಳಿದ.

“ಅದನ್ನೇ ಹಾಕು ಮಾರಾಯ.”

ಅವನು ಹಾಕಿದ. ಹಿಂದೆ ಸಾಲು ಬೆಳೆದಿತ್ತು. ಅಮೆರಿಕದಲ್ಲಿ ಈಗಲೂ ಯಾವ ಪೂಜೆಗೆ ಹೋದರೂ ತಂಗಿ ಆ ನಕ್ಷತ್ರವನ್ನೇ ಹೇಳುತ್ತಾಳೆ. ಅನ್ನವನ್ನು ಮಗು ಉಗಿಯಿತು, ಪಾಯಸ ನುಂಗಿತು.

ಅಲ್ಲಿಂದ ಕುದುರೆಮುಖಕ್ಕೂ ಹೋಗೋಣ, ಕಬ್ಬಿಣದ ಅದಿರಿನ ಗಣಿ, ಲಕ್ಯಾ ಅಣೆಕಟ್ಟು ನೋಡೋಣ ಎಂದು ನನಗಿತ್ತು. ಗಣಿ ಆಗ ಹಗಲೂ ರಾತ್ರಿ ನಡೆಯುತ್ತಿತ್ತು, ಕಾಡಿನ ನಡುವೆ ಸಾಲುಮನೆ, ಶಾಲೆ, ಆಸ್ಪತ್ರೆ ಎಲ್ಲ ಇದ್ದ ಊರು. ಭಾವ ಒಪ್ಪಲಿಲ್ಲ. ಪಾಸ್‌ಪೋರ್ಟಿನ ವಿಚಾರಕ್ಕೆ ಸಂಜೆ ನಾಲ್ಕಕ್ಕೆ ಫೋನ್ ಮಾಡಬೇಕಿತ್ತು. ತಿರುಗಿಸಿದೆ. ಆ ಗಣಿಯನ್ನು ಅವರ್ಯಾರೂ ಆಮೇಲೆ ನೋಡಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ಮುಚ್ಚಿತು, ಊರು ಹೆಚ್ಚುಕಡಿಮೆ ಖಾಲಿಯಾಯಿತು. ನಾವು ಹೊರನಾಡಿನಿಂದ ಬಂದ ಕೆಲವು ದಿನಗಳ ಮೇಲೆ ಪಾಸ್‌ಪೋರ್ಟು ಬಂದ ಸುದ್ದಿ ಪಿಪಿ ನಂಬರಿಗೆ ಬಂತು. ಆಳು ಓಡಿ ಬಂದು ಹೇಳಿದಾಗ ತಂಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಸ್ನಾನಕ್ಕೂ ಕಾಯದೆ ಹೊರಟರು.

ಮೂಡಿಗೆರೆ ಪೇಟೆಗೆ ಪೂರ್ಣಚಂದ್ರ ತೇಜಸ್ವಿ ಸ್ಕೂಟರಿನಲ್ಲಿ ಬರುತ್ತಿದ್ದ ಕಾಲ ಅದು. ಹೊರಗಿನವರು ಇಲ್ಲಿಗೆ ಬಂದರೆ ಯಾರದೋ ಮನೆಯ ನೆಂಟರಾಗಿರಬೇಕಿತ್ತು, ಇಲ್ಲವೇ ಕಾಫಿ ವ್ಯಾಪಾರಿ. ಹೋಮ್‌ಸ್ಟೇ ಎಂಬ ಮಾತು ನಾವು ಕೇಳಿರಲಿಲ್ಲ. ಈಗ ನಮ್ಮ ಚಿಕ್ಕಪ್ಪನ ಮಗ ನಡೆಸುವುದು ಅದನ್ನೇ. ಕಾಫಿಗಿಂತ ಅದರಲ್ಲಿ ಗ್ಯಾರಂಟಿ ಹೆಚ್ಚು ಅನ್ನುತ್ತಾನೆ, ಅರೇಬಿಕಾ ಪಾರ್ಚ್‌ಮೆಂಟಿನ ಮೂಟೆ 2025ರ ಆರಂಭದಲ್ಲಿ ಇಪ್ಪತ್ತೈದು ಸಾವಿರ ದಾಟಿದಾಗಲೂ ಅದೇ ಮಾತು. ಕುಯ್ಲಿಗೆ ಬರುವವರು ಅಸ್ಸಾಮಿನವರು. 2013ರಲ್ಲಿ ಚಿಕ್ಕಮಗಳೂರಿಗೆ ರೈಲು ಬಂತು. ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಹತ್ತುವ ರಸ್ತೆಯಲ್ಲಿ ಕಾರುಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿ ನಿಲ್ಲುತ್ತಿದ್ದವು. ತಾಳಲಾರದೆ ಜಿಲ್ಲಾಡಳಿತ 2025ರ ಸೆಪ್ಟೆಂಬರಿನಿಂದ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿತು: ಬೆಳಗಿನ ಪಾಳಿಗೆ 600 ವಾಹನ, ಮಧ್ಯಾಹ್ನದ ಪಾಳಿಗೆ 600.

ಮಕ್ಕಳಿಗೂ ಈಗ ಆನ್‌ಲೈನ್ ನೋಂದಣಿಯೇ. ಹೊರದೇಶದ ದತ್ತಿನ ಹೇಗ್ ಒಪ್ಪಂದಕ್ಕೆ ಭಾರತ 2003ರಲ್ಲಿ ಅಂಗೀಕಾರ ಕೊಟ್ಟಿತು. ಬಾಲನ್ಯಾಯ ಕಾಯಿದೆಯೊಳಗೇ ದತ್ತು ಸೇರಿತು, 2015ರ ಹೊಸ ಕಾಯಿದೆಯಲ್ಲಿ ಹೊರದೇಶದ ದತ್ತನ್ನೂ ಒಳಗೊಂಡ ಒಂದು ಪೂರಾ ಅಧ್ಯಾಯ ಬಂತು. ಪೋಷಕರಾಗಿ ಹೋಗಿ ಅಲ್ಲಿ ತಾಯಿಯಾಗುವ ಡೊಂಕು ದಾರಿ ಹೋಯಿತು. ಯಾವ ಸಂಸ್ಥೆಯ ಬಾಗಿಲಿಗೂ ಹೋಗಿ ಮಗು ಆರಿಸಿಕೊಳ್ಳುವಂತಿಲ್ಲ. ಕಾರಾದ ಜಾಲತಾಣದಲ್ಲಿ ಹೆಸರು ಬರೆಸಿ, ಸರದಿ ಬಂದಾಗ ಫೋಟೊ, ವೈದ್ಯಕೀಯ ವರದಿ ನೋಡಿ ಒಪ್ಪಬೇಕು. 2022ರ ಸೆಪ್ಟೆಂಬರಿನಿಂದ ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಕ್ರಿಸ್‌ಮಸ್ ರಜೆಯ ತಾಪತ್ರಯ ಇಲ್ಲ. ಗಿರಿಗೆ ಗಾಡಿ ಬಿಡುವವರೂ ಮಗು ಕೊಡುವವರೂ ಒಬ್ಬರೇ ಆದರು ಎಂದು ಚಿಕ್ಕಪ್ಪನ ಮಗ ನಗುತ್ತಾನೆ.

ಕಾಯುವುದೇನೂ ಕಡಿಮೆಯಾಗಿಲ್ಲ, ಜಾಗ ಬದಲಾಗಿದೆ. ತಂಗಿ ಇಲ್ಲಿಗೆ ಬಂದು ಕಾದಳು. ಈಗಿನವರು ತಮ್ಮ ಮನೆಯಲ್ಲೇ, ಪರದೆಯ ಮೇಲಿನ ಸರದಿ ಸಂಖ್ಯೆ ನೋಡುತ್ತ ವರ್ಷಗಳನ್ನು ಕಳೆಯುತ್ತಾರೆ. ಇಲ್ಲಿಗೆ ಬರುವಾಗ ಉಳಿದಿರುವುದು ಪಾಸ್‌ಪೋರ್ಟಿನಂಥ ಕೊನೆಯ ಕೆಲಸಗಳಷ್ಟೇ. ಸರದಿಯಲ್ಲಿ ದೇಶದೊಳಗಿನ ದಂಪತಿಗಳೇ ಸಾವಿರಗಟ್ಟಲೆ ಇದ್ದಾರೆ. 2024-25ರಲ್ಲಿ ಕಾರಾ ಮೂಲಕ ಆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವೇ. ಹೊರಗೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿ ಯಾರೂ ಒಪ್ಪದವರು: ಬೆಳೆದ ಮಕ್ಕಳು, ಒಟ್ಟಿಗೇ ಹೋಗಬೇಕಾದ ಅಣ್ಣ-ತಂಗಿಯರು, ಚಿಕಿತ್ಸೆ ಬೇಕಾದವರು. ನಮ್ಮ ಜಗಲಿಯಲ್ಲಿ ಕೂತು ಜಾತಿ ಕೇಳಿದವರ ಮೊಮ್ಮಕ್ಕಳು ಈಗ ದತ್ತಿಗೆ ಹೆಸರು ಬರೆಸುತ್ತಾರೆ, ಒಳ್ಳೆಯದೇ; ಬೇಕಾದದ್ದು ಮಾತ್ರ ಎರಡು ವರ್ಷದೊಳಗಿನ ಆರೋಗ್ಯವಂತ ಕೂಸು. ಅತ್ತ ಚೀನಾ 2024ರಲ್ಲಿ ತನ್ನ ಮಕ್ಕಳನ್ನು ಹೊರದೇಶಕ್ಕೆ ಕೊಡುವುದನ್ನು, ನೆಂಟರಿಗೆ ಬಿಟ್ಟು, ನಿಲ್ಲಿಸಿತು. ಡೆನ್ಮಾರ್ಕಿನ ಏಕೈಕ ಸಂಸ್ಥೆ ಅದೇ ವರ್ಷ ಕೆಲಸ ಮುಚ್ಚಲು ಹೊರಟಿತು, ನೆದರ್ಲೆಂಡ್ಸ್ ಹಂತ ಹಂತವಾಗಿ ನಿಲ್ಲಿಸುತ್ತೇನೆಂದಿತು. ಈ ಎರಡು ಯುರೋಪಿನ ದೇಶಗಳ ಮಟ್ಟಿಗೆ ಹಳೆಯ ಕಡತಗಳಲ್ಲಿ ಸುಳ್ಳು ಕಾಗದ ಸಿಕ್ಕಿದ್ದೂ ಒಂದು ಕಾರಣ. ಹಾಗಾಗಿ ಕಾಯುತ್ತ ಊರು ನೋಡುವ ಕುಟುಂಬಗಳು ಇನ್ನು ಹೆಚ್ಚು ಕಾಲ ಬರಲಾರವು.

ಜೀಪಿನಲ್ಲಿ ಮಲಗುತ್ತಿದ್ದ ಮಗುವಿಗೆ ಈಗ ಮೂವತ್ತರ ಹತ್ತಿರ. ಗಿರಿಗೆ ನೋಂದಣಿ ಶುರುವಾದ ಮೇಲಿನ ಚಳಿಗಾಲದಲ್ಲಿ ಇಬ್ಬರು ಗೆಳತಿಯರ ಜೊತೆ ಬಂದಿದ್ದಳು. ಆಲ್ಬಮ್ಮಿನ ಪುಟಗಳನ್ನು ಫೋನಿನಲ್ಲಿ ತೆಗೆದುಕೊಂಡು ಬಂದು, “ಮಾವ, ಇದು ಯಾವ ಜಾಗ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಯಾಕೆ ಹೋಗಿದ್ದೆವು ಎಂದೂ ಹೇಳಿದೆ: ನೀನು ಮಲಗುತ್ತಿರಲಿಲ್ಲ, ಅದಕ್ಕೆ. ಅವಳಿಗೆ ಅದು ಅಪ್ಪನ ಶೀರ್ಷಿಕೆಗಿಂತ ಹಿಡಿಸಿತು. ಹದಿನೆಂಟು ದಾಟಿದವರು ತಮ್ಮ ಮೂಲ ಹುಡುಕಲು ಅರ್ಜಿ ಹಾಕಲು ಈಗಿನ ನಿಯಮಗಳಲ್ಲಿ ಅವಕಾಶವಿದೆ. ಬೆಂಗಳೂರಿನಲ್ಲಿ ತನ್ನ ಕಡತ ನೋಡಿ ಬಂದಿದ್ದಳು. ತಿಂಗಳು ತಿಂಗಳ ತೂಕ, ಹಾಕಿಸಿದ ಲಸಿಕೆ, ಕೆಮ್ಮಿನ ಔಷಧಿ ಎಲ್ಲ ನೀಟಾಗಿ ಬರೆದಿತ್ತಂತೆ. ಹೆತ್ತವರ ಸಾಲು ಖಾಲಿ. ಅತ್ತಿರಬಹುದೆಂದು ನನ್ನ ಹೆಂಡತಿ ಕಾಫಿ ಕೊಡುತ್ತ ಮೆಲ್ಲಗೆ ಮುಖ ನೋಡಿದಳು. ಹುಡುಗಿ ಮುಳ್ಳಯ್ಯನಗಿರಿಗೆ ಬೆಳಗಿನ ಪಾಳಿ ಸಿಗದೆ ಮಧ್ಯಾಹ್ನದ್ದು ಸಿಕ್ಕಿದ್ದಕ್ಕೆ ಬೇಜಾರಿನಲ್ಲಿದ್ದಳು.

ಅವಳು ಹೋಗಿ ಸ್ವಲ್ಪ ದಿನಕ್ಕೆ ಚಿಕ್ಕಪ್ಪನ ಮಗ ಫೋನ್ ಮಾಡಿ, “ಅಣ್ಣ, ಒಂಚೂರು ಬಾ, ಒಂದು ಫಜೀತಿ” ಎಂದ. ಹೋಮ್‌ಸ್ಟೇಗೆ ಇಟಲಿಯ ದಂಪತಿ ಬಂದಿದ್ದರು, ಜೊತೆಗೆ ಏಳೆಂಟು ವರ್ಷದ ಹುಡುಗ. ಆದೇಶ ಆಗಿದೆ, ಪಾಸ್‌ಪೋರ್ಟಿಗೆ ಕಾಯುತ್ತಿದ್ದಾರೆ, ಅಷ್ಟರಲ್ಲಿ ಕಾಫಿ ತೋಟ ನೋಡಲು ಬಂದಿದ್ದಾರೆ. ಹೊರದೇಶದವರು ಉಳಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಅಧಿಕಾರಿಗಳಿಗೆ ಕಳಿಸಬೇಕು. ಅಪ್ಪನದು ತುಂಬಿದ, ಅಮ್ಮನದು ತುಂಬಿದ, ಹುಡುಗನದಕ್ಕೆ ಪಾಸ್‌ಪೋರ್ಟ್ ನಂಬರ್ ಕೇಳಿದರೆ ಇಲ್ಲ ಅನ್ನುತ್ತಾರೆ.

“ಅವನು ಇಂಡಿಯಾದವನೇ ಕಣೋ, ಅವನಿಗೆ ಬೇಡ.”

“ಅಪ್ಪ-ಅಮ್ಮನಿಗೆ ಬೇಕು, ಮಗನಿಗೆ ಬೇಡ್ವಾ?”

“ಬೇಡ.”

ಅವನಿಗೆ ನಂಬಿಕೆ ಬರಲಿಲ್ಲ, ಠಾಣೆಗೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡ.

ಹುಡುಗ ಜಗಲಿಯ ಕಂಬ ಹಿಡಿದು ನಿಂತಿದ್ದ. ಹೊಸ ಶೂ, ಹೊಸ ಜಾಕೆಟ್. ಅಮ್ಮ ಫೋನಿಗೆ ಇಟಾಲಿಯನ್ನಿನಲ್ಲಿ ಏನೋ ಹೇಳಿದರೆ ಫೋನು ರೇಡಿಯೊ ವಾರ್ತೆಯ ಕನ್ನಡದಲ್ಲಿ, “ನೀವು ಉಪಾಹಾರವನ್ನು ಸೇವಿಸಲು ಇಚ್ಛಿಸುತ್ತೀರಾ?” ಎಂದಿತು. ಹುಡುಗ ಫೋನನ್ನೇ ದಿಟ್ಟಿಸಿದ, ಉತ್ತರ ಕೊಡಲಿಲ್ಲ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಉತ್ತರ ಕರ್ನಾಟಕದ ಕಡೆಯ ಮಾತು ಭೋರ್ಗರೆದು ಬಂತು.

“ಅಜ್ಜಾರ, ಇವರಿಗೆ ಒಂದೀಟು ಹೇಳ್ರಿ. ನನಗ ಬ್ರೆಡ್ ಒಲ್ಲೆ. ಬೆಂಗಳೂರಾಗ ದಿನಾ ಅದನ್ನ ಕೊಟ್ಟಾರ. ರೊಟ್ಟಿ ಇಲ್ಲಂದ್ರ ಅನ್ನ ಹಾಕ್ರಿ.”

ಇಂಗ್ಲಿಷಿನಲ್ಲಿ ಹೇಳಿದೆ. ಅಪ್ಪನಾದವನು ತಲೆ ಮೇಲೆ ಕೈ ಹೊತ್ತ. ಹುಡುಗ ಬ್ರೆಡ್ಡನ್ನು ಒಂದು ದಿನವೂ ಬೇಡ ಅಂದಿರಲಿಲ್ಲವಂತೆ, ಇಷ್ಟ ಎಂದೇ ತಿಳಿದು ತರಿಸುತ್ತಿದ್ದರಂತೆ. ನಮ್ಮಲ್ಲಿ ಜೋಳದ ರೊಟ್ಟಿ ಎಲ್ಲಿಂದ ಬರಬೇಕು. ಚಿಕ್ಕಪ್ಪನ ಮಗನ ಹೆಂಡತಿ ಅಕ್ಕಿರೊಟ್ಟಿ ತಟ್ಟಿ ಕೊಟ್ಟಳು. ಇದು ರೊಟ್ಟಿ ಅಲ್ಲ ಅಂದ, ನಾಲ್ಕು ತಿಂದ.

ನನ್ನ ತಂಗಿಗೆ ಇಂಥ ತೊಂದರೆ ಇರಲಿಲ್ಲ. ಒಂಬತ್ತು ತಿಂಗಳ ಕೂಸಿಗೆ ಯಾವ ಭಾಷೆಯೂ ಇರಲಿಲ್ಲ, ಹಿಂದಿನ ದಿನ ಏನು ತಿಂದಿದ್ದೆ ಎಂದು ಹೇಳಿಕೊಳ್ಳುವುದೂ ಇರಲಿಲ್ಲ. ಈ ಹುಡುಗನಿಗೆ ಏಳು ವರ್ಷದ ಅಭಿಪ್ರಾಯಗಳಿದ್ದವು. ಆ ದಿನ ಪೂರ್ತಿ ನನ್ನ ಬೆನ್ನು ಬಿಡಲಿಲ್ಲ. ಪಲ್ಪರ್ ನೋಡಿ, ಇದು ಹೊಲದಾಗಿನ ರಾಶಿ ಮಷಿನ್ ಇದ್ದಂಗ ಐತಿ ಎಂದ. ಕಾಫಿ ಹಣ್ಣು ಬಾಯಿಗೆ ಹಾಕಿಕೊಂಡು ಉಗಿದ. ಇವರ ಊರಲ್ಲಿ ಎಮ್ಮೆ ಇದೆಯಾ ಕೇಳು ಎಂದ. ಕೇಳಿದರೆ ಇದೆ, ಅದರ ಹಾಲಿನಲ್ಲಿ ಚೀಸ್ ಮಾಡುತ್ತೇವೆ ಎಂದರು. ಅಷ್ಟು ಸಾಕಾಯಿತು ಅವನಿಗೆ, ಅಮ್ಮನ ಪಕ್ಕ ಹೋಗಿ ಕೂತು ಫೋನಿನಲ್ಲಿ ಎಮ್ಮೆ ತೋರಿಸಲು ಸನ್ನೆ ಮಾಡಿದ.

ಮಾರನೆಯ ದಿನ ಕಳಸ, ಹೊರನಾಡು, ಅಂಬಾತೀರ್ಥ ಎಂದು ಜೀಪು ಗೊತ್ತಾಗಿತ್ತು, ಗಿರಿಗೂ ಪಾಳಿ ಬುಕ್ ಆಗಿತ್ತು. ಬೆಳಿಗ್ಗೆ ಏಳಕ್ಕೆ ಪಾಸ್‌ಪೋರ್ಟು ಬಂದಿದೆ ಎಂಬ ಮೆಸೇಜು ಅವರ ಫೋನಿಗೇ ಬಂತು. ಅರ್ಧ ಗಂಟೆಯಲ್ಲಿ ಬ್ಯಾಗು ಕಟ್ಟಿ ಟ್ಯಾಕ್ಸಿ ಹತ್ತಿದರು. ಮೂರು ದಿನದ ಅಡ್ವಾನ್ಸ್ ಕೊಟ್ಟಿದ್ದರು; ಅವರು ವಾಪಸು ಕೇಳಲಿಲ್ಲ, ಚಿಕ್ಕಪ್ಪನ ಮಗ ಕೊಡಲೂ ಇಲ್ಲ. ಜೀಪಿನವನಿಗೆ ಮಾತ್ರ ಅರ್ಧ ಬಾಡಿಗೆ ಕೊಡಬೇಕೆಂದು ಇಬ್ಬರಿಗೂ ಸಂಜೆವರೆಗೆ ಜಗಳವಾಯಿತು.